ಬೈಸಿಕೊಂಡದ್ದು ಕಾಫಿ, ತಪ್ಪಿಸಿಕೊಂಡದ್ದು ಗ್ಲಾಸು: ನಮ್ಮಣ್ಣನ ಎದೆಬಡಿತದ ಒಂದು ಪ್ರಕರಣ

ರಾತ್ರಿ ಮೂರೂಕಾಲಕ್ಕೆ ಅತ್ತಿಗೆಯ ಫೋನ್ ಬಂತು. "ನಿಮ್ಮಣ್ಣನ ನಾಡಿ ಯಾಕೋ ಸರಿ ಇಲ್ಲ, ಬೇಗ ಬಾರಮ್ಮ." ನಾನು ಹೋದಾಗ ಅಣ್ಣ ಮಂಚದ ಅಂಚಿನಲ್ಲಿ ಕೂತು, ಎದೆ ಮೇಲೆ ಅಂಗೈ ಇಟ್ಟುಕೊಂಡು, ಏನೂ ಆಗಿಲ್ಲ ಅನ್ನೋ ಮುಖ ಮಾಡಲು ಕಷ್ಟಪಡುತ್ತಿದ್ದ. "ಕಪ್ಪೆಗಳನ್ನ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಎದೆ ಒಳಗೆ ಇಟ್ಟ ಹಾಗಿದೆ ಕಣೇ" ಅಂದ. ನಾಡಿ ಹಿಡಿದು ನೋಡಿದೆ. ಜೋರಾಗಿ ಓಡುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಅದಕ್ಕೆ ತಾಳವೇ ಇರಲಿಲ್ಲ. ಎರಡು ಬಡಿತ ಒಟ್ಟಿಗೆ, ಆಮೇಲೆ ಖಾಲಿ, ಆಮೇಲೆ ಮೂರು ಓಟ, ಮತ್ತೆ ಒಂದು ನಿಧಾನ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು. ಬಡಿತ ನಿಮಿಷಕ್ಕೆ 140ರ ಆಸುಪಾಸು. ಡ್ಯೂಟಿ ಡಾಕ್ಟರ್ ಕಾಗದ ನೋಡಿ "ಏಟ್ರಿಯಲ್ ಫಿಬ್ರಿಲೇಶನ್" ಅಂದರು. ಹೃದಯದ ತಾಳ ತಪ್ಪುವ ತೊಂದರೆ, ಚಿಕ್ಕದಾಗಿ ಎಎಫ್. ಬೆಳಗ್ಗೆ ಒಂಬತ್ತರ ಹೊತ್ತಿಗೆ ತಾನಾಗೇ ಸರಿಹೋಯಿತು. ಹೀಗೆ ಬಂದು ಹೀಗೆ ಹೋಗುವ ಬಗೆಗೆ ಪ್ಯಾರಾಕ್ಸಿಸ್ಮಲ್ ಅಂತ ಹೆಸರು. ಬಂದಾಗ ಹೆದರಿಸುತ್ತದೆ, ಹೋದಾಗ ಮರೆಯುವಂತೆ ಮಾಡುತ್ತದೆ. ಅಪಾಯ ಇರುವುದು ಆ ಮರೆವಿನಲ್ಲೇ ಅಂತ ನನಗೆ ಅರ್ಥವಾಗಲು ತಿಂಗಳುಗಳೇ ಬೇಕಾದವು.

ಅಣ್ಣನ ಒಪ್ಪಿಗೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಲೆಕ್ಕಪತ್ರ ನೋಡುವವಳು. ಅದಕ್ಕೇ ಈ ಕಥೆಯಲ್ಲಿ ಒಂದು ನೋಟ್‌ಬುಕ್ ಬರುತ್ತದೆ.

ಆಗಿನ ಸ್ಥಿತಿ

ವಯಸ್ಸು 52. ಬಿಪಿಗೆ ಒಂದು ಮಾತ್ರೆ, ನಾಲ್ಕು ವರ್ಷದಿಂದ. ಸಕ್ಕರೆ ಇಲ್ಲ. ಥೈರಾಯ್ಡ್ ಸರಿ ಇದೆ, ಎಕೋ (ಹೃದಯದ ಸ್ಕ್ಯಾನ್) ಸರಿ ಇದೆ, ಸಿಗರೇಟು ಇಲ್ಲ. ಹೊಟ್ಟೆ ಸ್ವಲ್ಪ ಮುಂದೆ. ಗೊರಕೆ ಜಾಸ್ತಿ, ಆದರೆ ಅದನ್ನು ಆವತ್ತು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಮೊದಲ ಭೇಟಿಯಲ್ಲಿ ಹೃದ್ರೋಗ ತಜ್ಞರು ಕೇಳಿದ ಎರಡು ಪ್ರಶ್ನೆ ಮತ್ತು ಅಣ್ಣನ ಎರಡು ಉತ್ತರ, ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ.

"ಕಾಫಿ, ಟೀ ಎಷ್ಟು?"

"ಕಾಫಿ ದಿನಕ್ಕೆ ನಾಲ್ಕು ಕಪ್ ಡಾಕ್ಟ್ರೇ. ಒಮ್ಮೊಮ್ಮೆ ಐದು."

"ಡ್ರಿಂಕ್ಸ್?"

"ಅಪರೂಪಕ್ಕೆ."

ಅತ್ತಿಗೆ ಪಕ್ಕದಲ್ಲೇ ಕೂತಿದ್ದರು. ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಸುಳ್ಳು ಹೇಳುತ್ತಿದ್ದಾನೆ ಅಂತ ನಮಗೆ ಅನ್ನಿಸಲೇ ಇಲ್ಲ, ಯಾಕೆಂದರೆ ಅವನು ಕುಡುಕನಲ್ಲ. ಶನಿವಾರ ರಾತ್ರಿ ಮಾತ್ರ, ಅದೂ ಮನೆಯಲ್ಲೇ, ಗಲಾಟೆ ಇಲ್ಲ, ಊಟ ಮಾಡಿ ಮಲಗುತ್ತಾನೆ. ನಮ್ಮ ಲೆಕ್ಕದಲ್ಲಿ ಅದು "ಅಪರೂಪಕ್ಕೆ"ಯೇ ಆಗಿತ್ತು.

ಬಡಿತ ಹಿಡಿತದಲ್ಲಿಡಲು ಬೀಟಾ ಬ್ಲಾಕರ್ ಕೊಟ್ಟರು. ಈ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಹಿಂಡುವ ಬದಲು ಸುಮ್ನೆ ನಡುಗುತ್ತವೆ, ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಬಹುದು, ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಅದನ್ನು ತಡೆಯಲು ರಕ್ತ ತೆಳು ಮಾಡುವ ಮಾತ್ರೆ ಬೇಕೇ ಬೇಡವೇ ಅಂತ ವಯಸ್ಸು, ಬಿಪಿ, ಸಕ್ಕರೆ ಇವಕ್ಕೆಲ್ಲ ಅಂಕ ಹಾಕಿ ನೋಡುತ್ತಾರೆ. ಅಣ್ಣನಿಗೆ ಬಿಪಿಯ ಒಂದು ಅಂಕ. ಒಂದು ಅಂಕ ಅಂದರೆ ಗಡಿಯ ಮೇಲೆ ನಿಂತ ಹಾಗೆ. ಮಾತಾಡಿ, ಯೋಚಿಸಿ, ಶುರು ಮಾಡಿದರು.

ಕಾಫಿಗೆ ಗಡೀಪಾರು

ಮನೆಗೆ ಬಂದ ಮೇಲೆ ನಡೆದದ್ದನ್ನು ಈಗ ನೆನೆಸಿಕೊಂಡರೆ ನಗು ಬರುತ್ತದೆ. ಡಾಕ್ಟರ್ "ಕಾಫಿ ಸ್ವಲ್ಪ ಕಡಿಮೆ ಮಾಡಿ ನೋಡಿ" ಅಂದಿದ್ದರು ಅಷ್ಟೆ. ಅತ್ತಿಗೆ ಡಬ್ಬಿಯಲ್ಲಿದ್ದ ಪುಡಿಯನ್ನೆಲ್ಲ ಗಿಡಗಳ ಬುಡಕ್ಕೆ ಸುರಿದರು. ಫೋನ್ ಮಾಡಿದ ನೆಂಟರೆಲ್ಲ ಒಂದೇ ಮಾತು: ಕಾಫಿ ಜಾಸ್ತಿ ಆಗಿತ್ತು ಬಿಡಿ, ಅದಕ್ಕೇ. ಕಾಫಿ ಕುಡಿದರೆ ಎದೆ ಢವಢವ ಅನ್ನುವುದು ಎಲ್ಲರಿಗೂ ಗೊತ್ತು, ಅಲ್ವಾ? ಕುಡಿದ ಅರ್ಧ ಗಂಟೆಗೇ ಗೊತ್ತಾಗುತ್ತದೆ. ಹಾಗಾಗಿ ಬೈಯುವುದು ಸುಲಭ.

ಮರುದಿನದಿಂದ ತಲೆನೋವು. ನಾಲ್ಕು ಕಪ್ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ತಲೆನೋವು, ತೂಕಡಿಕೆ, ಸಿಡುಕು ಎಲ್ಲ ಬರುತ್ತವೆ, ಸಾಮಾನ್ಯವಾಗಿ ಮೊದಲ ಎರಡು ದಿನ ಜೋರು, ಕೆಲವರಿಗೆ ಒಂಬತ್ತು ದಿನದವರೆಗೂ ಎಳೆಯುತ್ತದೆ. ಅಣ್ಣ ಅದನ್ನೂ ಹೃದಯದ ಖಾತೆಗೇ ಹಾಕಿ ಹೆದರಿಕೊಂಡ. ಒಂದೊಂದೇ ಕಪ್ ಇಳಿಸಿದ್ದರೆ ಇಷ್ಟು ಪಾಡು ಇರುತ್ತಿರಲಿಲ್ಲ.

ಐದು ವಾರ ಒಂದು ಗುಟುಕು ಕಾಫಿ ಇಲ್ಲ. ಐದನೇ ವಾರದ ಕೊನೆಗೆ ಮತ್ತೆ ಎಎಫ್. ರಾತ್ರಿ ಎರಡೂವರೆಗೆ ಶುರು, ಆರು ಗಂಟೆ ಇತ್ತು. ಆಗ ಅಪವಾದ ಆಫೀಸಿನ ಟೆನ್ಷನ್ ಮೇಲೆ ಹೋಯಿತು. ಇನ್ನು ನಾಲ್ಕು ವಾರಕ್ಕೆ ಮೂರನೇ ಸಲ. ಆಗ ಯಾರ ಮೇಲೆ ಹೊರಿಸುವುದು ಅಂತ ತೋಚಲಿಲ್ಲ.

ಆಸ್ಪತ್ರೆಯ ಮೂರು ಚೀಟಿಗಳನ್ನು ಫೈಲಿಗೆ ಹಾಕುವಾಗ ನಾನು ಸುಮ್ನೆ ತಾರೀಕು ನೋಡಿದೆ. ಕ್ಯಾಲೆಂಡರ್ ತೆಗೆದೆ. ಮೂರೂ ಭಾನುವಾರ. ಮೂರೂ ಬೆಳಗಿನ ಜಾವ. ಶನಿವಾರ ರಾತ್ರಿ ಮಲಗಿದ ಮೇಲೆ, ಎದ್ದೇಳುವ ಮುಂಚೆ.

ಅಳೆದು ನೋಡಿದಾಗ

ಅಣ್ಣನನ್ನು ಕೇಳಿದೆ. ಮೊದಲು ಕೋಪ ಬಂತು ಅವನಿಗೆ. "ಎರಡು ಗ್ಲಾಸ್ ಅಷ್ಟೆ, ಎಲ್ಲರೂ ಕುಡೀತಾರೆ." ನಾನು ಜಗಳ ಆಡಲಿಲ್ಲ. ಅಡುಗೆಮನೆಯಿಂದ ಎಂಎಲ್ ಗೆರೆ ಇರುವ ಅಳತೆ ಲೋಟ ತಂದು, "ನೀನು ಶನಿವಾರ ಹಾಕೋ ಹಾಗೇ ನಿನ್ನ ಗ್ಲಾಸಿಗೆ ನೀರು ಹಾಕು, ಕಣ್ಣಂದಾಜಿಗೆ" ಅಂದೆ. ಹಾಕಿದ. ಅದನ್ನು ಅಳತೆ ಲೋಟಕ್ಕೆ ಸುರಿದೆವು. 75 ಎಂಎಲ್. ಮತ್ತೊಮ್ಮೆ ಮಾಡಿಸಿದೆ, 75ಕ್ಕಿಂತ ಚೂರು ಜಾಸ್ತಿಯೇ ಬಂತು. ಅವನಿಗೇ ಆಶ್ಚರ್ಯ.

ಲೆಕ್ಕ ಕಷ್ಟದ್ದೇನಲ್ಲ. ಎಷ್ಟು ಎಂಎಲ್ ಅನ್ನುವುದನ್ನು ಬಾಟಲಿ ಮೇಲಿನ ಶೇಕಡಾವಾರಿನಿಂದ ಗುಣಿಸಿ, ಮತ್ತೆ 0.789ರಿಂದ ಗುಣಿಸಿದರೆ ಶುದ್ಧ ಆಲ್ಕೋಹಾಲ್ ಎಷ್ಟು ಗ್ರಾಂ ಅಂತ ಸಿಗುತ್ತದೆ. ಶೇಕಡಾ 40ರ 75 ಎಂಎಲ್ ಅಂದರೆ ಸುಮಾರು 24 ಗ್ರಾಂ. ಹತ್ತು ಗ್ರಾಮಿಗೆ ಒಂದು ಡ್ರಿಂಕ್ ಅಂತ ಹಿಡಿದರೆ ಅವನ ಒಂದು ಗ್ಲಾಸೇ ಎರಡೂವರೆ ಡ್ರಿಂಕ್ ಹತ್ತಿರ. ಇನ್ನು ಗ್ಲಾಸ್ ಎಷ್ಟು ಅಂತ ಮತ್ತೆ ಕೇಳಿದಾಗ ಅತ್ತಿಗೆ ಒಳಗಿನಿಂದಲೇ "ಮೂರು" ಅಂದರು. ಮೂರು ಅಂದರೆ 71 ಗ್ರಾಂ. ಶೇಕಡಾ 12ರ ವೈನ್ ಇದ್ದರೆ ಒಂದು 750 ಎಂಎಲ್ ಬಾಟಲಿಯಲ್ಲಿ ಇರುವಷ್ಟು. ನಾವು ಲೆಕ್ಕಕ್ಕೇ ಹಿಡಿಯದ ಬುಧವಾರದ ಒಂದು ಸಣ್ಣ ಬಿಯರ್ ಬೇರೆ, 330 ಎಂಎಲ್, ಅದು 13 ಗ್ರಾಂ. ವಾರಕ್ಕೆ 84 ಗ್ರಾಂ. ಯುರೋಪಿನ ಹೃದ್ರೋಗ ತಜ್ಞರ ಸಂಘ 2024ರ ಮಾರ್ಗಸೂಚಿಯಲ್ಲಿ ಎಎಫ್ ಇರುವವರಿಗೆ ಹಾಕಿರುವ ಮಿತಿ ವಾರಕ್ಕೆ ಹೆಚ್ಚೆಂದರೆ 30 ಗ್ರಾಂ. "ಅಪರೂಪಕ್ಕೆ" ಎನ್ನುವ ಪದದೊಳಗೆ ಇಷ್ಟೆಲ್ಲ ಅಡಗಿತ್ತು.

ಮುಂದಿನ ಭೇಟಿಗೆ ಈ ಲೆಕ್ಕ ಬರೆದ ಹಾಳೆ ತೆಗೆದುಕೊಂಡು ಹೋದೆವು. ಬೈಗುಳ ಬೀಳುತ್ತದೆ ಅಂತ ಅಣ್ಣ ಬೆವರುತ್ತಿದ್ದ. ಡಾಕ್ಟರ್ ಓದಿ, ಕನ್ನಡಕ ತೆಗೆದು, "ಇದನ್ನ ಮೊದಲೇ ಹೇಳಿದ್ದರೆ ನಿಮ್ಮ ಕಾಫಿ ಉಳೀತಿತ್ತಲ್ರೀ" ಅಂದರು. ಅಷ್ಟೇ ಬೈದದ್ದು.

ಅವರು ಹೇಳಿದ್ದು ಮತ್ತು ಆಮೇಲೆ ನಾನು ಕೂತು ಓದಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ. 1978ರಲ್ಲೇ ಅಮೆರಿಕದಲ್ಲಿ ಫಿಲಿಪ್ ಎಟಿಂಗರ್ ಎಂಬ ವೈದ್ಯರು ಮತ್ತು ಜೊತೆಗಾರರು ಇಂಥ 24 ರೋಗಿಗಳ ಬಗ್ಗೆ ಬರೆದಿದ್ದರು. ವಾರದ ಕೊನೆ, ರಜೆ ಮುಗಿದ ಬೆನ್ನಿಗೇ ಬಡಿತ ಕೆಟ್ಟು ಆಸ್ಪತ್ರೆಗೆ ಬರುವವರು. ಅದಕ್ಕೆ "ಹಾಲಿಡೇ ಹಾರ್ಟ್" ಅಂತ ಹೆಸರಿಟ್ಟರು. ಅವರೆಲ್ಲ ನಮ್ಮಣ್ಣನಿಗಿಂತ ಬಹಳ ಜಾಸ್ತಿ ಕುಡಿಯುವವರು, ಅದು ಬೇರೆ ಮಾತು. ಕಡಿಮೆ ಕುಡಿಯುವವರಿಗೂ ಆಗುತ್ತದೆಯೇ ಅನ್ನುವ ಪ್ರಶ್ನೆಗೆ 2021ರ ಒಂದು ಅಧ್ಯಯನ ಚೆನ್ನಾಗಿ ಉತ್ತರ ಕೊಡುತ್ತದೆ. ಬಂದು ಹೋಗುವ ಎಎಫ್ ಇದ್ದ 100 ಜನರಿಗೆ ನಾಲ್ಕು ವಾರ ಎದೆಗೆ ಇಸಿಜಿ ಪಟ್ಟಿ, ಕಾಲಿನ ಗಿಣ್ಣಿಗೆ ಬೆವರಿನಲ್ಲಿ ಆಲ್ಕೋಹಾಲ್ ಅಳೆಯುವ ಸಾಧನ ಕಟ್ಟಿದರು. ಒಂದು ಡ್ರಿಂಕ್ ಆದ ಮೇಲಿನ ನಾಲ್ಕು ಗಂಟೆಯೊಳಗೆ ಎಎಫ್ ಬರುವ ಸಾಧ್ಯತೆ ಎರಡರಷ್ಟು, ಎರಡು ಅಥವಾ ಹೆಚ್ಚಾದರೆ ಮೂರರಷ್ಟಕ್ಕಿಂತ ಜಾಸ್ತಿ. ನಾವು ಏನು ನೆನಪಿಟ್ಟುಕೊಂಡು ಹೇಳಿದೆವು ಅನ್ನುವುದರ ಮೇಲೆ ಈ ಲೆಕ್ಕ ನಿಂತಿಲ್ಲ, ಯಂತ್ರವೇ ಬರೆದುಕೊಂಡದ್ದು. "ಅಪರೂಪಕ್ಕೆ" ಅನ್ನುವ ಉತ್ತರಕ್ಕೆ ಅಲ್ಲಿ ಜಾಗವೇ ಇಲ್ಲ.

ರಾತ್ರಿ ಮಲಗಿದ ಮೇಲೇ ಯಾಕೆ? ಇದು ನನಗೆ ಬಹಳ ಕಾಡಿದ ಪ್ರಶ್ನೆ. ಆಲ್ಕೋಹಾಲ್ ಒಂದೇ ಕೈಯಿಂದ ಹೊಡೆಯುವುದಿಲ್ಲ. ಕುಡಿಯುತ್ತಿರುವಾಗ ಬಡಿತದ ವೇಗ ಏರಿಸುತ್ತದೆ. ಹೃದಯದ ಮೇಲಿನ ಕೋಣೆಯ ಸ್ನಾಯು ಒಂದು ಬಡಿತದ ನಂತರ ಸ್ವಲ್ಪ ಹೊತ್ತು ವಿರಾಮ ತೆಗೆದುಕೊಳ್ಳಬೇಕು, ಆ ವಿರಾಮವನ್ನು ಅದು ಕಡಿಮೆ ಮಾಡುತ್ತದೆ, ಹಾಗಾಗಿ ದಾರಿ ತಪ್ಪಿದ ಒಂದು ವಿದ್ಯುತ್ ಅಲೆ ಅಲ್ಲೇ ಸುತ್ತು ಹಾಕಲು ಸುಲಭ. ಮೂತ್ರ ಜಾಸ್ತಿ ಹೋಗಿ ನೀರು, ಲವಣ ಕಳೆಯುತ್ತದೆ. ಗಂಟಲಿನ ಸ್ನಾಯು ಸಡಿಲವಾಗಿ ಗೊರಕೆ ಹೆಚ್ಚಿ ಉಸಿರು ಕಟ್ಟುತ್ತದೆ. ಇದೆಲ್ಲ ಒಟ್ಟಾಗಿ ಕೂಡುವುದು ಮೂರನೇ ಗ್ಲಾಸಿನ ಹೊತ್ತಿಗಲ್ಲ, ಕುಡಿದವನು ನಿದ್ದೆಯಲ್ಲಿರುವಾಗ. ಕಾಫಿಯದ್ದು ಕೈಯಲ್ಲಿ ಕಾಸು, ಮಾಡಿದ್ದು ಕೂಡಲೇ ಕಾಣುತ್ತದೆ. ಆಲ್ಕೋಹಾಲಿನದ್ದು ಸಾಲ. ವಸೂಲಿಗೆ ಬರುವ ಹೊತ್ತಿಗೆ ಕೊಟ್ಟವನ ಮುಖವೇ ಮರೆತಿರುತ್ತದೆ.

ಹನ್ನೆರಡು ವಾರದ ನೋಟ್‌ಬುಕ್

ಡಾಕ್ಟರ್ ಹೇಳಿದ್ದು ಪೂರ್ತಿ ಬಿಡಿ ಅಂತಲೇ. ಆಸ್ಟ್ರೇಲಿಯಾದ ಒಂದು ಪ್ರಯೋಗದ ಹೆಸರು ಎತ್ತಿದರು, 2020ರಲ್ಲಿ ಪ್ರಕಟವಾದದ್ದು. ವಾರಕ್ಕೆ ಹತ್ತು ಡ್ರಿಂಕ್‌ಗಿಂತ ಕಡಿಮೆ ಇಲ್ಲದ, ಎಎಫ್ ಇದ್ದ 140 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಿಡಲು ಹೇಳಿದರು, ಇನ್ನೊಂದು ಗುಂಪು ಎಂದಿನಂತೆ. ಆರು ತಿಂಗಳಲ್ಲಿ ಬಿಟ್ಟವರಲ್ಲಿ ಶೇ. 53 ಜನಕ್ಕೆ ಎಎಫ್ ಮರುಕಳಿಸಿತು, ಬಿಡದವರಲ್ಲಿ ಶೇ. 73. ನನಗೆ ಇದರಲ್ಲಿ ಇಷ್ಟವಾದದ್ದು 53 ಅನ್ನುವ ಅಂಕಿ. ಬಿಟ್ಟರೂ ಅರ್ಧ ಜನಕ್ಕೆ ಬಂತು. ಅದನ್ನು ಅಣ್ಣನಿಗೆ ಮೊದಲೇ ಹೇಳಿದ್ದು ಒಳ್ಳೆಯದಾಯಿತು, ಯಾಕೆ ಅನ್ನುವುದು ಮುಂದೆ ಬರುತ್ತದೆ.

ಬಿಡುವ ಬಗ್ಗೆ ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡಬೇಕು. ಅಣ್ಣ ವಾರಕ್ಕೆ ಒಂದೆರಡು ಸಲದವನು, ನಿಲ್ಲಿಸಿದರೆ ಏನೂ ಆಗಲಿಲ್ಲ. ದಿನಾ ಜಾಸ್ತಿ ಕುಡಿಯುವವರು ತಾವೇ ಒಮ್ಮೆಲೇ ನಿಲ್ಲಿಸಬಾರದು, ಕೈ ನಡುಕ, ಫಿಟ್ಸ್ ಬರಬಹುದು, ಡಾಕ್ಟರ್ ಕೈಕೆಳಗೇ ಬಿಡಬೇಕು.

ಎರಡು ಸಾಲಿನ ಇನ್ನೊಂದು ವಿಷಯ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವನು ಕುಡಿದು ಬಿದ್ದರೆ ತಲೆಯೊಳಗಿನ ಸಣ್ಣ ಗಾಯವೂ ದೊಡ್ಡದಾಗಬಹುದು, ಹೊಟ್ಟೆಯಲ್ಲಿ ರಕ್ತಸ್ರಾವದ ಭಯವೂ ಹೆಚ್ಚು. ಆ ಮಾತ್ರೆ ವಾರ್ಫರಿನ್ ಆಗಿದ್ದರೆ ಅದರ ಮಟ್ಟವೇ ಏರುಪೇರಾಗುತ್ತದೆ.

ನೋಟ್‌ಬುಕ್‌ನಲ್ಲಿ ಐದು ಕಾಲಂ ಹಾಕಿದೆ: ನಿದ್ದೆ ಎಷ್ಟು ಗಂಟೆ, ಕಾಫಿ ಎಷ್ಟು, ಕೊನೆಯ ಕಪ್ ಎಷ್ಟು ಗಂಟೆಗೆ, ಆಲ್ಕೋಹಾಲ್ ಎಷ್ಟು ಗ್ರಾಂ, ಬಡಿತ ಹೇಗಿತ್ತು. ಇಸಿಜಿ ತೆಗೆಯುವ ವಾಚ್ ಒಂದನ್ನೂ ಕಟ್ಟಿಸಿದೆವು. ವಾಚ್ ಹೇಳಿದ್ದೇ ಕೊನೆಯಲ್ಲ, ಆದರೆ ಡಾಕ್ಟರಿಗೆ ತೋರಿಸಲು ಒಂದು ಗೆರೆಯಾದರೂ ಇರುತ್ತದೆ.

ಮೊದಲ ನಾಲ್ಕು ವಾರ ಕಾಫಿ, ಆಲ್ಕೋಹಾಲ್ ಎರಡೂ ಇಲ್ಲ. ಎಎಫ್ ಬರಲಿಲ್ಲ. ಐದನೇ ವಾರ ಡಾಕ್ಟರ್ ಒಪ್ಪಿಗೆ ಮೇಲೆ ಕಾಫಿ ವಾಪಸ್ ತಂದೆವು, ಬೆಳಗ್ಗೆ ಒಂದು ಕಪ್. ಅಣ್ಣ ಆ ಕಪ್ಪನ್ನು ಹಿಡಿದಿದ್ದ ರೀತಿ ನೋಡಬೇಕಿತ್ತು. ಹತ್ತು ನಿಮಿಷಕ್ಕೆ "ನೋಡು, ಎದೆ ಎಗರ್ತಿದೆ" ಅಂದ. ವಾಚ್ ನೋಡಿದರೆ ತಾಳ ಸರಿಯಾಗೇ ಇದೆ, ನಡುವೆ ಒಂದು ಅವಸರದ ಬಡಿತ, ಅದರ ಹಿಂದೆ ಸ್ವಲ್ಪ ಬಿಡುವು. ಅಂಥ ಎಡವುವ ಬಡಿತ ಎಎಫ್ ಅಲ್ಲ. ಇಷ್ಟು ದಿನ ಕಾಫಿ ಮೇಲೆ ಅಪವಾದ ಬಂದದ್ದು ಇದರಿಂದಲೇ ಇರಬೇಕು.

ಕಾಫಿ ವಿಷಯದಲ್ಲಿ ಸಂಶೋಧನೆಗಳು ಹೇಳುವುದು ನೆಂಟರು ಹೇಳುವುದಕ್ಕಿಂತ ಬೇರೆ. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ 100 ಜನರಿಗೆ ಎರಡು ವಾರ, ಕೆಲವು ದಿನ ಕಾಫಿ ಕುಡಿಯಿರಿ, ಕೆಲವು ದಿನ ಬೇಡ ಅಂತ ಹೇಳಿ ಅಳೆದರು. ಮೇಲಿನ ಕೋಣೆಯಿಂದ ಬರುವ ಅವಸರದ ಬಡಿತಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕೆಳಗಿನ ಕೋಣೆಯವು ಸ್ವಲ್ಪ ಜಾಸ್ತಿಯಾದವು, ದಿನಕ್ಕೆ 102ರ ಬದಲು 154. ಕಾಫಿ ದಿನಗಳಲ್ಲಿ ಸುಮಾರು ಸಾವಿರ ಹೆಜ್ಜೆ ಹೆಚ್ಚು ನಡೆದಿದ್ದರು, 36 ನಿಮಿಷ ಕಡಿಮೆ ನಿದ್ದೆ ಮಾಡಿದ್ದರು. 2025ರ ಇನ್ನೊಂದು ಪ್ರಯೋಗ ಎಎಫ್ ಇದ್ದವರ ಮೇಲೇ ನಡೆದದ್ದು. ಶಾಕ್ ಕೊಟ್ಟು ತಾಳ ಸರಿಮಾಡಿಸಿಕೊಳ್ಳಲಿದ್ದ 200 ಕಾಫಿಪ್ರಿಯರು, ಅರ್ಧ ಜನ ದಿನಕ್ಕೆ ಒಂದು ಕಪ್ಪಾದರೂ ಕುಡಿಯಬೇಕು, ಉಳಿದರ್ಧ ಪೂರ್ತಿ ಬಿಡಬೇಕು. ಆರು ತಿಂಗಳಲ್ಲಿ ಮರುಕಳಿಸಿದ್ದು ಕುಡಿದವರಲ್ಲಿ ಶೇ. 47, ಬಿಟ್ಟವರಲ್ಲಿ ಶೇ. 64. ತಿರುಗುಮುರುಗು! ಇದನ್ನು ಓದಿ ಕಾಫಿಯೇ ಔಷಧಿ ಅಂತ ಕುಣಿಯಬೇಕಿಲ್ಲ, ಅವರು ಮೊದಲಿನಿಂದ ಕುಡಿದು ಅಭ್ಯಾಸ ಇದ್ದವರು, ಮತ್ತು ಯಾರು ಯಾವ ಗುಂಪು ಅಂತ ಅವರಿಗೇ ಗೊತ್ತಿತ್ತು. ಆದರೆ ಪುಡಿಯನ್ನು ಗಿಡಕ್ಕೆ ಸುರಿಯುವ ಅಗತ್ಯ ಇರಲಿಲ್ಲ ಅನ್ನುವುದಕ್ಕಂತೂ ಸಾಕು. ಎಎಫ್ ಇದ್ದವರು ತಮ್ಮ ಕಾಯಿಲೆ ಕೆರಳಿಸುವುದು ಯಾವುದು ಅಂತ ತಾವೇ ಆರಿಸಿ ಪರೀಕ್ಷಿಸಿಕೊಂಡ 2022ರ ಒಂದು ಅಧ್ಯಯನ ಇದೆ. ಹೆಚ್ಚು ಜನ ಆರಿಸಿದ್ದು ಕಾಫಿಯಂಥ ಕೆಫೀನ್ ಇರುವುದನ್ನೇ. ಕೊನೆಗೆ ಎಎಫ್ ಜೊತೆ ಸರಿಯಾಗಿ ತಾಳೆಯಾದದ್ದು ಒಂದೇ ಒಂದು, ಆಲ್ಕೋಹಾಲ್. ನಮ್ಮ ಮನೆಯಲ್ಲಿ ನಡೆದದ್ದೇ ಅಲ್ಲೂ ನಡೆದಿತ್ತು ನೋಡಿ.

ಹಾಗಂತ ಕಾಫಿಗೆ ಪೂರ್ತಿ ಕ್ಲೀನ್ ಚಿಟ್ ಕೊಡಲಾರೆ. ಏಳನೇ ವಾರ ಅಣ್ಣ ಧೈರ್ಯ ಬಂದು ಸಂಜೆ ಐದಕ್ಕೂ ಒಂದು ಕಪ್ ಶುರು ಮಾಡಿದ. ನಿದ್ದೆಯ ಕಾಲಂ ಆರೂವರೆಯಿಂದ ಐದಕ್ಕೆ ಇಳಿಯಿತು, ಎಡವುವ ಬಡಿತದ ದೂರು ಜಾಸ್ತಿಯಾಯಿತು. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಐದಕ್ಕೆ 100 ಮಿಲಿಗ್ರಾಂ ಕುಡಿದರೆ ರಾತ್ರಿ ಹತ್ತಕ್ಕೆ ಇನ್ನೂ 50 ಒಳಗೇ ಇರುತ್ತದೆ. ನಿದ್ದೆ ಕೆಟ್ಟರೆ ಬಡಿತ ಕೆಡುವುದಕ್ಕೆ ಬೇರೆ ನೆಪ ಬೇಕಿಲ್ಲ. ಮಧ್ಯಾಹ್ನ ಹನ್ನೆರಡರ ನಂತರ ಕಾಫಿ ಇಲ್ಲ ಅಂತ ಅತ್ತಿಗೆ ಕಾನೂನು ಮಾಡಿದರು, ಎಲ್ಲ ಸರಿಯಾಯಿತು.

ಎನರ್ಜಿ ಡ್ರಿಂಕ್‌ಗಳನ್ನು ನಾನು ಈ ಕಾಫಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಅವುಗಳಲ್ಲಿ ಕೆಫೀನ್ ಜೊತೆ ಇನ್ನೂ ಏನೇನೋ ಇರುತ್ತವೆ, ಗಟಗಟ ಕುಡಿಯುತ್ತಾರೆ, ಆಲ್ಕೋಹಾಲಿಗೆ ಬೆರೆಸಿದರೆ ಅಮಲು ಏರಿದ್ದೇ ಗೊತ್ತಾಗದೆ ಇನ್ನಷ್ಟು ಕುಡಿಯುತ್ತಾರೆ. ಇನ್ನು ಬಡಿತದ ತೊಂದರೆ ಎಲ್ಲವೂ ಎಎಫ್ ಅಲ್ಲ. ಸಿಪಿವಿಟಿ ಅಂತ ಒಂದು ಅಪರೂಪದ, ವಂಶದಲ್ಲಿ ಬರುವ ಕಾಯಿಲೆ ಇದೆ, ಅಡ್ರಿನಲಿನ್ ಏರಿದಾಗ ಪ್ರಾಣಕ್ಕೇ ಕುತ್ತು ತರುವಂಥದ್ದು, ಅಂಥವರಿಗೆ ಕೆಫೀನ್ ಮಾತು ಬೇರೆಯೇ. ತನಗೆ ಇರುವುದು ಯಾವುದು ಅಂತ ಇಸಿಜಿ ಸಮೇತ ಗೊತ್ತಾಗದೆ ನಮ್ಮ ನೋಟ್‌ಬುಕ್ ನೋಡಿ ಯಾರೂ ಕಾಫಿ ಬಿಡಲೂ ಬೇಡಿ, ಹಿಡಿಯಲೂ ಬೇಡಿ.

ಎರಡು ಸಲ ಮತ್ತೆ ಬಂತು

ಹತ್ತನೇ ವಾರ ಹಳೆಯ ಗೆಳೆಯರು ಸೇರಿದ್ದರು. ಅಣ್ಣ ಎರಡು ಗ್ಲಾಸ್ ಕುಡಿದ, ಅಳೆದೇ ಕುಡಿದನಂತೆ, 60 ಎಂಎಲ್‌ನದು, ಒಟ್ಟು 38 ಗ್ರಾಂ. ಬೆಳಗಿನ ಜಾವ ನಾಲ್ಕಕ್ಕೆ ಎದೆಯಲ್ಲಿ ಕಪ್ಪೆಚೀಲ. ಏಳು ಗಂಟೆ ಇತ್ತು. ಒಂದು ಸಲ ಬಂದದ್ದು ಪುರಾವೆ ಆಗುವುದಿಲ್ಲ, ಅದು ನನಗೂ ಗೊತ್ತು, ಆದರೆ ನಾಲ್ಕಕ್ಕೆ ನಾಲ್ಕೂ ಒಂದೇ ಥರ ಆದಾಗ ನನಗಿಂತ ಮೊದಲು ಅವನೇ ಒಪ್ಪಿಕೊಂಡ. "ಸಾಕು ಬಿಡು, ಇನ್ನು ನನಗೆ ಆಗಲ್ಲ ಇದು." ಆಮೇಲೆ ಮುಟ್ಟಿಲ್ಲ. ಗೆಳೆಯರ ಜೊತೆ ಕೂತಾಗ ಕೈಯಲ್ಲಿ ಸೋಡಾ ಗ್ಲಾಸ್ ಇರುತ್ತದೆ, ಖಾಲಿ ಕೈ ಕಂಡರೆ ತಾನೇ ಯಾರಾದರೂ ಒತ್ತಾಯ ಮಾಡುವುದು.

ಇದಾಗಿ ನಾಲ್ಕು ತಿಂಗಳಿಗೆ, ಒಂದು ಹನಿ ಆಲ್ಕೋಹಾಲ್ ಇಲ್ಲದೆ, ಮತ್ತೆ ಬಂತು. ಮಂಗಳವಾರ ಮಧ್ಯಾಹ್ನ. ಮೂರು ದಿನದಿಂದ ಜ್ವರ ಇತ್ತು. ಬಿಟ್ಟು ಏನು ಪ್ರಯೋಜನ ಅಂತ ಅವನು ಕುಸಿದು ಕೂತಾಗ ಆ ಶೇ. 53ರ ಅಂಕಿ ನೆನಪಿಸಿದೆ. ಈ ಕಾಯಿಲೆಗೆ ಆಲ್ಕೋಹಾಲ್ ಒಂದೇ ಬೇರಲ್ಲ. ಬಿಪಿ, ತೂಕ, ವಯಸ್ಸು, ಜ್ವರ, ನಿದ್ದೆ ಎಲ್ಲವೂ ಕೈ ಹಾಕುತ್ತವೆ. ಆ ಭೇಟಿಯಲ್ಲೇ ಅತ್ತಿಗೆ ಕೊನೆಗೂ ಗೊರಕೆಯ ವಿಷಯ ಬಾಯಿಬಿಟ್ಟರು: "ನಡುನಡುವೆ ಉಸಿರೇ ನಿಂತ ಹಾಗಾಗುತ್ತೆ ಡಾಕ್ಟ್ರೇ, ನಾನು ಅಲುಗಾಡಿಸಿ ಎಬ್ಬಿಸ್ತೀನಿ." ನಿದ್ದೆಯ ಪರೀಕ್ಷೆ ಮಾಡಿಸಿದರು, ಸ್ಲೀಪ್ ಆಪ್ನಿಯ ಇತ್ತು. ಈಗ ರಾತ್ರಿ ಮೂಗಿಗೆ ಸಿಪ್ಯಾಪ್ ಮಾಸ್ಕ್, ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವಂಥದ್ದು. ಶನಿವಾರದ ಗ್ಲಾಸು ಆ ಉಸಿರುಕಟ್ಟುವಿಕೆಯನ್ನೂ ಹೆಚ್ಚಿಸುತ್ತಿತ್ತು ಅಂತ ಆಮೇಲೆ ಡಾಕ್ಟರ್ ಹೇಳಿದರು.

ಎಎಫ್ ಬಂದಾಗ ಏನು ಮಾಡುವುದು ಅಂತಲೂ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಬರೆದಿದೆ, ಅತ್ತಿಗೆಯ ಕೈಬರಹದಲ್ಲಿ. ಎದೆನೋವು, ಉಸಿರಾಟದ ಕಷ್ಟ, ತಲೆ ಸುತ್ತಿ ಬೀಳುವುದು, ಬಾಯಿ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಇದರಲ್ಲಿ ಒಂದಿದ್ದರೂ ಕಾಯುವುದಿಲ್ಲ, ಆ ಕ್ಷಣವೇ ಆಸ್ಪತ್ರೆ. ಮಾತ್ರೆಯನ್ನು ತಾನೇ ಎರಡು ಮಾಡಿಕೊಳ್ಳುವುದಿಲ್ಲ.

ಈಗ ಒಂಬತ್ತು ತಿಂಗಳಾಗಿದೆ. ಮೊದಲ ಮೂರು ತಿಂಗಳಲ್ಲಿ ಮೂರು ಸಲ ಬಂದದ್ದು, ಆಮೇಲಿನ ಆರು ತಿಂಗಳಲ್ಲಿ ಎರಡು ಸಲ. ಅಬ್ಲೇಶನ್ (ತಾಳ ಕೆಡಿಸುವ ಹೃದಯದ ಜಾಗಗಳನ್ನು ನಿಷ್ಕ್ರಿಯ ಮಾಡುವ ಚಿಕಿತ್ಸೆ) ಮಾಡಿಸುವುದೋ ಬೇಡವೋ ಅಂತ ಮುಂದಿನ ತಿಂಗಳು ಮಾತಾಡಬೇಕು, ಅದಕ್ಕೆ ನೋಟ್‌ಬುಕ್ ತೆಗೆದುಕೊಂಡು ಬನ್ನಿ ಅಂದಿದ್ದಾರೆ. ನಿನ್ನೆ ಅದನ್ನು ತಿರುವಿ ಹಾಕಿದೆ. ಆಲ್ಕೋಹಾಲ್ ಕಾಲಂನಲ್ಲಿ ಪುಟಗಟ್ಟಲೆ ಸೊನ್ನೆ. ಕಾಫಿ ಕಾಲಂನಲ್ಲಿ 2, 2, 2. ಕಳೆದ ಗುರುವಾರದ ಸಾಲಿನಲ್ಲಿ ಮಾತ್ರ 3, ಕೊನೆಯ ಕಪ್ ಸಂಜೆ 4:30, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ನಿಮ್ಮತ್ತಿಗೆಗೆ ಹೇಳ್ಬೇಡ."